ಉಪ್ಪು ನೀರಿನ ಹಿತ್ತಲಲ್ಲಿ ಸೊಪ್ಪು ಬೆಳೆಯುವುದು ಹೇಗೆ?

ಮಡಿಯ ಮಣ್ಣು ಹಸಿಯಾಗಿಯೇ ಇದೆ, ಆದರೂ ಹರಿವೆ ಮಧ್ಯಾಹ್ನಕ್ಕೆ ಬಾಡುತ್ತಿದೆ. ಆಗ ಇನ್ನೊಂದು ಕೊಡ ನೀರು ಹುಯ್ಯುವ ಮೊದಲು ಬುಡದ ಹಳೆ ಎಲೆ ನೋಡಿ. ಅಂಚು ಕಂದಾಗಿ ಸುಟ್ಟಂತಿದೆಯೇ? ಹೊಸ ಎಲೆ ಸಣ್ಣಗೆ, ಕಡು ಹಸಿರಾಗಿ ಬರುತ್ತಿದೆಯೇ? ಒಣಗಿದ ಮಣ್ಣಿನ ಮೇಲೆ ಬೆಳ್ಳನೆ ಪುಡಿ ಇದೆಯೇ? ಹಾಗಿದ್ದರೆ ಅದು ಉಪ್ಪಿನ ಕಾಟ.

ಮಣ್ಣಲ್ಲಿ ಉಪ್ಪು ಜಾಸ್ತಿಯಾದರೆ ಬೇರಿಗೆ ನೀರು ಎಳೆದುಕೊಳ್ಳಲು ಕಷ್ಟ. ಉಪ್ಪಿಗೆ ಹಾಕಿದ ಮಾವಿನ ಮಿಡಿ ಸುಕ್ಕುಗಟ್ಟುತ್ತದೆ ಅಲ್ವಾ, ಹೆಚ್ಚು ಕಡಿಮೆ ಹಾಗೇ. ಒಳಗೆ ಹೋದ ಸೋಡಿಯಂ, ಕ್ಲೋರೈಡ್ ಎಲೆಯಲ್ಲಿ ದಿನೇ ದಿನೇ ಸೇರುತ್ತಾ ಹೋಗುತ್ತವೆ. ಹಳೆ ಎಲೆ ಮೊದಲು ಸುಡುವುದು ಅದಕ್ಕೇ. ಗಜನಿಯಲ್ಲಿ, ಅಂದರೆ ಉಪ್ಪು ನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಬೆಳೆಯುವ ಕಗ್ಗ ಭತ್ತಕ್ಕಿರುವ ತಾಳಿಕೆ ಸೊಪ್ಪಿಗಿಲ್ಲ.

ಮೊದಲು ನೀರು ಪರೀಕ್ಷಿಸಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಸಮುದ್ರ ಸೇರುವ ಕಡೆ ಬೇಸಿಗೆಯಲ್ಲಿ ಉಪ್ಪು ನೀರು ಒಳಗೆ ಏರುತ್ತದೆ. ಹತ್ತಿರದ ಬಾವಿಗಳಿಗೂ ಅದು ತಟ್ಟಬಹುದು. ನಾಲಿಗೆ ನಂಬಬೇಡಿ, ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ. 450 ಪಿಪಿಎಂ (ಹತ್ತು ಲಕ್ಷದಲ್ಲಿ 450 ಪಾಲು) ಒಳಗಿದ್ದರೆ ಚಿಂತೆಯಿಲ್ಲ. 2000 ದಾಟಿದರೆ ಆ ನೀರು ಸೊಪ್ಪಿಗೆ ಬೇಡ.

ಆಮೇಲೆ ಮಣ್ಣು ತೊಳೆಯುವ ಕೆಲಸ. ಸಿಹಿನೀರನ್ನು ಆರು ಇಂಚು ನಿಲ್ಲಿಸಿ ಇಂಗಿಸಿದರೆ ಮೇಲಿನ ಒಂದಡಿ ಮಣ್ಣಿನ ಉಪ್ಪು ಸುಮಾರು ಅರ್ಧ ಇಳಿಯುತ್ತದೆ. ನೀರು ಕೆಳಗೆ ಬಸಿದು ಹೋಗಲು ದಾರಿ ಇರಲೇಬೇಕು. ಸುಮ್ನೆ ಮೇಲೆ ಮೇಲೆ ಚಿಮುಕಿಸಿದರೆ ನೀರು ಆರಿ ಉಪ್ಪು ಅಲ್ಲೇ ಉಳಿಯುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೇ ಈ ಕೆಲಸ ಮಾಡುತ್ತದೆ. ಹಾಗಾಗಿ ಮಳೆಗಾಲ ಮುಗಿದ ಕೂಡಲೇ ಬಿತ್ತಿ, ಬಾವಿ ಉಪ್ಪಾಗುವ ಮೊದಲೇ ಸೊಪ್ಪು ಕೊಯ್ದುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು.

ಏರು ಮಡಿ ಮಾಡಿದರೆ ಬೀಜವನ್ನು ನೆತ್ತಿಯ ಮೇಲೆ ಹಾಕಬೇಡಿ. ನೀರು ಮೇಲೇರಿ ಆರುವಾಗ ಉಪ್ಪು ಬಂದು ಕೂರುವುದು ಅಲ್ಲೇ. ಇಳಿಜಾರಿನ ನಡುವೆ ಬಿತ್ತಿ. ಮೊಳಕೆ ತುಂಬಾ ಸೂಕ್ಷ್ಮ, ಆದ್ದರಿಂದ ಹರಿವೆ ಸಸಿಯನ್ನು ಸಿಹಿನೀರಲ್ಲಿ ಎಬ್ಬಿಸಿ ನೆಡುವುದು ಇನ್ನೂ ಮೇಲು. ಬುಡಕ್ಕೆ ದರಕು (ಒಣಗಿದ ಎಲೆ) ಹೊದಿಸಿ. ನೀರನ್ನು ಎಲೆಗೆ ಸೋಕಿಸದೆ ಬುಡಕ್ಕೇ ಬಿಡಿ.

ಬೀಟ್‌ರೂಟ್ ಬಳಗದ ಪಾಲಕ್ ಸ್ವಲ್ಪ ಉಪ್ಪು ತಡೆಯುತ್ತದೆ, ಗೋಳಿ ಸೊಪ್ಪು ಅದಕ್ಕಿಂತ ಗಟ್ಟಿ. ಮೂಲಂಗಿ ಬೇಗ ಸೋಲುತ್ತದೆ.

ಗೊಬ್ಬರದಲ್ಲೂ ಉಪ್ಪಿದೆ. ಕ್ಲೋರೈಡ್ ಇರುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರದ ಬದಲು ಸಲ್ಫೇಟ್ ಆಫ್ ಪೊಟ್ಯಾಷ್ ಕೊಡಿ. ಉಪ್ಪು ಹಾಕಿ ಒಣಗಿಸಿದ ಮೀನಿನ ಚೂರನ್ನು ಸೊಪ್ಪಿನ ಬುಡಕ್ಕೆ ಹಾಕಲೇಬೇಡಿ.