ಹೊಟ್ಟೆನೋವಿಗೆ ಒಂದು ಗಂಟೆ-ಚೀಟಿ: ವಾರ್ಡಿನಲ್ಲಿ ಕಲಿಸಿದ ನನ್ನ ಅನುಭವ

ನಾನು ವಾರ್ಡಿನಲ್ಲಿ ಮೆಡಿಕಲ್ ವಿದ್ಯಾರ್ಥಿಗಳಿಗೆ ಕಲಿಸುತ್ತೇನೆ. ಗಂಟೆ-ಚೀಟಿ ಎಂದರೆ ರೋಗಿಯನ್ನು ಕೇಳಿ, ಯಾವ ಗಂಟೆಯಲ್ಲಿ ನೋವು ಎಷ್ಟಿತ್ತೆಂದು ಗೆರೆ ಎಳೆಯುವ ಕಾಗದ. ಈ ಸಲದ ಫೈನಲ್ ಇಯರ್ ಬ್ಯಾಚಿನವರು ರಿಪೋರ್ಟ್ ಬರುವ ಮೊದಲೇ ಅದರಲ್ಲಿ ಬರೆದಿಟ್ಟ ಡಯಾಗ್ನೋಸಿಸ್‌ಗಳಲ್ಲಿ ಹತ್ತಕ್ಕೆ ಏಳರಷ್ಟು ಸರಿ ಬಂದವು. ಎರಡು ಮೂರು ವರ್ಷದ ಹಿಂದೆ ನಾಲ್ಕು ದಾಟಿದರೆ ದೊಡ್ಡದು. "ಅಲ್ಟ್ರಾಸೌಂಡ್ ಪಕ್ಕದ ರೂಮಿನಲ್ಲೇ ಇದೆಯಲ್ಲ ಸಾರ್, ಚೀಟಿ ಯಾಕೆ?" ಅಂದಿದ್ದ ಸಹೋದ್ಯೋಗಿಗಳೇ ಈಗ ತಮ್ಮ ಯೂನಿಟ್ಟಿಗೂ ಒಂದು ಕಟ್ಟು ಜೆರಾಕ್ಸ್ ಮಾಡಿಸಿಕೊಂಡು ಹೋಗಿದ್ದಾರೆ.

ಶುರುವಿನಲ್ಲಿ ಬಣ್ಣದ ಚಾರ್ಟ್ ಮಾಡಿಸಿದೆ. ಲ್ಯಾಮಿನೇಶನ್ ಸೇರಿ ಎಂಟೊಂಬತ್ತು ಸಾವಿರ ಕೈಯಿಂದ ಹೋಯಿತು. ಹುಡುಗರು ಅಪೆಂಡಿಕ್ಸ್ ಗುರುತಿಸುವ ಮ್ಯಾಕ್‌ಬರ್ನಿ ಪಾಯಿಂಟ್, ಪಿತ್ತಕೋಶದ ಮರ್ಫಿ ಸೈನ್ ಎಲ್ಲ ಒಪ್ಪಿಸಿದರು; ಬೆಡ್ ಪಕ್ಕ ನಿಂತರೆ ಮಾತ್ರ ಯಾವ ಹೊಟ್ಟೆನೋವಾದರೂ 'ಗ್ಯಾಸ್ಟ್ರೈಟಿಸ್'. ಆಮೇಲೆ ಫೋನಿನಲ್ಲಿ ಕ್ವಿಜ್ ನಡೆಸಿದೆ, ಅಂಕ ಏರಿತು, ವಾರ್ಡಿನಲ್ಲಿ ಏನೂ ಬದಲಾಗಲಿಲ್ಲ.

ಈಗಿನ ಚೀಟಿಗೆ ಒಂದೂವರೆ ರೂಪಾಯಿ ಖರ್ಚು. 24 ಮನೆ, ಗಂಟೆಗೊಂದು. ನೋವು ಏರಿದಲ್ಲಿ ಗೆರೆ ಮೇಲಕ್ಕೆ, ಇಳಿದಲ್ಲಿ ಕೆಳಕ್ಕೆ. ಊಟ, ವಾಂತಿ, ಬೇಧಿ, ನುಂಗಿದ ಮಾತ್ರೆ ಅಡಿಯಲ್ಲಿ ಗುರುತು. ಕೊನೆಗೆ ಒಂದೇ ಡಯಾಗ್ನೋಸಿಸ್, 'ಅಥವಾ' ಬರೆಯುವಂತಿಲ್ಲ. ಹತ್ತು ನಿಮಿಷದಲ್ಲಿ ಬರೆದು ಕವರ್ ಅಂಟಿಸಬೇಕು. ಸ್ಕೋಪ್ (ಕ್ಯಾಮೆರಾ ನಳಿಕೆ ಇಳಿಸಿ ಒಳಗೆ ನೋಡುವುದು) ಅಥವಾ ಓಟಿ (ಆಪರೇಷನ್) ಮುಗಿದ ಮೇಲೆ ಎಲ್ಲರೆದುರು ಒಡೆಯುತ್ತೇವೆ. ರೋಗಿ ಸೀರಿಯಸ್ ಇದ್ದರೆ ಚೀಟಿ ಇಲ್ಲ, ಮೊದಲು ಚಿಕಿತ್ಸೆ.

ಒಂದು ಚೀಟಿ ಇನ್ನೂ ನನ್ನ ಡ್ರಾಯರಿನಲ್ಲಿದೆ. ಲಾರಿ ಡ್ರೈವರ್, ನಲವತ್ತರ ಆಸುಪಾಸು. ರಾತ್ರಿ ಎರಡರ ಮನೆಯಲ್ಲಿ ಗೆರೆ ತುದಿ ಮುಟ್ಟಿದೆ, ಹಾಲು-ಬನ್ನು ತಿಂದ ಗುರುತಿನ ಪಕ್ಕದಲ್ಲೇ ಪೂರ್ತಿ ಇಳಿದಿದೆ, ಮಧ್ಯಾಹ್ನ ಊಟಕ್ಕೆ ಮುಂಚೆ ಮತ್ತೆ ಎದ್ದಿದೆ. ಹುಡುಗಿ ಧೈರ್ಯವಾಗಿ 'ಡ್ಯುವೋಡಿನಲ್ ಅಲ್ಸರ್' (ಸಣ್ಣ ಕರುಳಿನ ಮೊದಲ ಭಾಗದ ಹುಣ್ಣು) ಎಂದು ಬರೆದಳು. ಸ್ಕೋಪಿನಲ್ಲಿ ಅದೇ ಇತ್ತು. ಅಲ್ಸರ್ ತರುವ ಬ್ಯಾಕ್ಟೀರಿಯಾ ಎಚ್. ಪೈಲೋರಿ ಇದೆಯೇ ಎಂದು ನೋಡುವ ಯೂರಿಯೇಸ್ ಟೆಸ್ಟ್ ಹಳದಿಯಿಂದ ಗುಲಾಬಿಗೆ ತಿರುಗಿತು. ಆಸ್ಟ್ರೇಲಿಯಾದ ವೈದ್ಯರು ಮಾರ್ಷಲ್ ಮತ್ತು ವಾರನ್ 1982ರಲ್ಲಿ ಎಚ್. ಪೈಲೋರಿಯನ್ನು ಲ್ಯಾಬಿನಲ್ಲಿ ಬೆಳೆಸಿದ್ದು, 2005ರಲ್ಲಿ ನೊಬೆಲ್ ಪಡೆದದ್ದು, ಇವನ್ನೆಲ್ಲ ಆ ಗುಲಾಬಿ ಬಣ್ಣ ಕಣ್ಣೆದುರು ಇರುವಾಗ ಹೇಳಬೇಕು, ಆಗ ಮರೆಯುವುದಿಲ್ಲ.

ಅಪೆಂಡಿಕ್ಸ್ ಚೀಟಿಯಲ್ಲಿ ನೋವು ಮೊದಲು, ವಾಂತಿ ಆಮೇಲೆ; ಹೊಕ್ಕಳ ಸುತ್ತ ಶುರುವಾಗಿ ಬಲಗಡೆ ಕೆಳಕ್ಕೆ ಸರಿಯುತ್ತದೆ. ಕರುಳು ಕಟ್ಟಿಕೊಂಡಿದ್ದರೆ ಗೆರೆ ಗರಗಸದ ಹಲ್ಲಿನಂತೆ ಏರಿಳಿಯುತ್ತದೆ. ಪರ್ಫೊರೇಶನ್ ಆದವರು (ಜಠರ ಅಥವಾ ಕರುಳು ತೂತಾದವರು) ನೋವು ಶುರುವಾದ ನಿಮಿಷವನ್ನೂ ಹೇಳುತ್ತಾರೆ, ಅಲ್ಲಾಡದೆ ಮಲಗಿರುತ್ತಾರೆ.

ನನಗೆ ಅತ್ಯಂತ ಹೆಮ್ಮೆ ಇರುವುದು ಬೇರೊಂದರ ಬಗ್ಗೆ. 'ಎದೆಯುರಿ' ಎಂದು ಆಂಟಾಸಿಡ್ ಕುಡಿಯುತ್ತಲೇ ಬಂದವರ ಗೆರೆ ಊಟದ ಗುರುತಿಗೆ ಎಲ್ಲೂ ಹೊಂದಲಿಲ್ಲ, ಮೆಟ್ಟಿಲು ಹತ್ತಿದಾಗಲೆಲ್ಲ ಎದ್ದಿತ್ತು. ಹುಡುಗ ಕವರ್ ಅಂಟಿಸುವುದು ಬಿಟ್ಟು ಇಸಿಜಿಗೆ ಓಡಿದ. ಇನ್‌ಫೀರಿಯರ್ ವಾಲ್ ಎಂಐ, ಅಂದರೆ ಹೃದಯದ ಕೆಳಭಾಗದ ಹೃದಯಾಘಾತ. ಬದುಕಿದರು.

ನಡುವೆ ಕರುಳಿನ ಶಬ್ದ ರೆಕಾರ್ಡ್ ಮಾಡಿ ಕೇಳಿಸೋಣ ಎಂದು ಎರಡು ಸಾವಿರದ ಮೈಕ್ ತಂದೆ. ವಾರ್ಡಿನ ಫ್ಯಾನ್ ಶಬ್ದವೇ ಜಾಸ್ತಿ, ಬಿಟ್ಟೆ. ಕರಿ ಮಲದ ಪಾಠ ಮಾತ್ರ ಫಲಿಸಿತು: ಬಿಳಿ ಗಾಜ್ ಮೇಲೆ ತೆಳ್ಳಗೆ ಸವರಿ ತೋರಿಸುತ್ತೇನೆ. ಕಬ್ಬಿಣದ ಮಾತ್ರೆಯದು ಹಸಿರುಗಪ್ಪು. ಮೆಲೀನಾ (ಒಳಗೆ ರಕ್ತ ಸೋರಿ ಕಪ್ಪಾದ ಮಲ) ಅಂಟಂಟು, ಆ ವಾಸನೆ ಒಮ್ಮೆ ಬಂದರೆ ಸಾಕು. ಹೊಟ್ಟೆಯೊಳಗೆ ರಕ್ತ ಸೋರಲು ಕಾರಣವಾಗಬಲ್ಲ ನೋವಿನ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಂದು ಮಂಡಿನೋವಿಗೆ ನುಂಗಿದ್ದನ್ನು ಯಾರೂ ತಾವಾಗಿ ಹೇಳುವುದಿಲ್ಲ, ಕೇಳಲೇಬೇಕು.

ಕವರ್ ಒಡೆಯುವ ಮುಂಚೆ ಪ್ರತಿಯೊಬ್ಬರಿಗೂ ನಾನೊಂದು ಪ್ರಶ್ನೆ ಹಾಕುತ್ತೇನೆ. ಅದನ್ನಿಲ್ಲಿ ಬರೆಯುವುದಿಲ್ಲ, ಮುಂದಿನ ಬ್ಯಾಚಿನವರು ಓದುತ್ತಾರೆ.

ದಿನದ ಚೀಟಿ ಇಲಿಯೊಸೀಕಲ್ ಟಿಬಿಗೆ (ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿನ ಟಿಬಿ) ಸಾಲದು. ಅದಕ್ಕೆ ತಿಂಗಳ ಚೀಟಿ ಮಾಡಿಸಿದ್ದೇನೆ: ವಾರದ ತೂಕ, ಸಂಜೆಯ ಜ್ವರ, ಹೊಟ್ಟೆ ಗುಡುಗುಡು. ಕ್ರೋನ್ಸ್ ಎಂಬ ಕರುಳಿನ ಉರಿಯೂತ ಕೂಡ ಹೀಗೇ ಕಾಣಬಹುದು, ಹಾಗಾಗಿ ಇಲ್ಲಿ ಮಾತ್ರ 'ಅಥವಾ' ಬರೆಯಲು ಬಿಟ್ಟಿದ್ದೇನೆ. ಕೊಲೊನೋಸ್ಕೋಪಿಯ ಬಯಾಪ್ಸಿಯನ್ನು ಪ್ಯಾಥಾಲಜಿಗಷ್ಟೇ ಅಲ್ಲ, ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್ ಟೆಸ್ಟಿಗೂ ಕಳಿಸಿ. ಜೀನ್‌ಎಕ್ಸ್‌ಪರ್ಟ್‌ಗೆ ಹೋಗುವ ಚೂರನ್ನು ಫಾರ್ಮಲಿನ್‌ಗೆ ಹಾಕದೆ ಸಲೈನಿನಲ್ಲಿ ಕೊಡಿ.