ಪರಾಚಿ: ಪಂಚಾಂಗ ನೋಡಿ ಹೊರಡಬೇಕಾದ ಊರು

ಬ್ರೆಜಿಲ್‌ನ ರಿಯೊ ಡಿ ಜನೈರೊ ಮತ್ತು ಸಾವೊ ಪಾಲೊ ನಗರಗಳ ನಡುವಿನ ಕರಾವಳಿಯಲ್ಲಿ, ದಟ್ಟ ಕಾಡಿನ ಬೆಟ್ಟಸಾಲಿಗೂ ಕೊಲ್ಲಿಗೂ ಮಧ್ಯೆ ಇರುವ ಹಳೇ ಬಂದರು ಪರಾಚಿ. ನಕ್ಷೆಯಲ್ಲಿ ‘ಪರಾಟಿ’ ಎಂದು ಓದುವಂತಿದ್ದರೂ ಟಿಕೆಟ್ ಕೇಳುವಾಗ ಪರಾಚಿ ಎನ್ನಿ. ರಿಯೊದಿಂದ ಬೆಳಿಗ್ಗೆ ಹೋಗಿ ರಾತ್ರಿ ಮರಳುವ ಪ್ಯಾಕೇಜುಗಳಿವೆ, ದಯವಿಟ್ಟು ಅವುಗಳ ಗೊಡವೆ ಬೇಡ. ದಿನದ ಹೆಚ್ಚಿನ ಪಾಲು ರಸ್ತೆಯಲ್ಲೇ ಕಳೆದುಹೋಗುತ್ತದೆ. ಕನಿಷ್ಠ ಮೂರು ರಾತ್ರಿ ಇಟ್ಟುಕೊಳ್ಳಿ.

ಮೊದಲು ದಿನ ಗೊತ್ತುಮಾಡಿ

ಮೇ ತಿಂಗಳಿಂದ ಆಗಸ್ಟ್‌ವರೆಗೆ ಮಳೆ ಕಡಿಮೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಬೇಸಿಗೆ, ಜೋರು ಮಳೆಯ ಕಾಲವೂ ಅದೇ. ಗುಡ್ಡ ಕುಸಿದು ಕರಾವಳಿ ಹೆದ್ದಾರಿ ಬಂದ್ ಆಗುವುದುಂಟು.

ತಿಂಗಳು ಆರಿಸಿದ ಮೇಲೆ ಪಂಚಾಂಗ ತೆಗೆಯಿರಿ. ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸಿನ ಎರಡು ದಿನವಾದರೂ ನಿಮ್ಮ ವಾಸ್ತವ್ಯದೊಳಗೆ ಬರಲಿ. ಆಗ ಉಬ್ಬರ ದೊಡ್ಡದು, ಸಮುದ್ರದ ನೀರು ಬೀದಿಗೇ ಬರುತ್ತದೆ. ಉಬ್ಬರದ ಗಂಟೆ ಬ್ರೆಜಿಲ್ ನೌಕಾಪಡೆ ಪ್ರಕಟಿಸುವ ಉಬ್ಬರವಿಳಿತದ ಪಟ್ಟಿಯಲ್ಲಿ ಸಿಗುತ್ತದೆ.

2003ರಲ್ಲಿ ಶುರುವಾದ ಅಂತರರಾಷ್ಟ್ರೀಯ ಸಾಹಿತ್ಯ ಉತ್ಸವ ‘ಫ್ಲಿಪ್’ ಮತ್ತು ಈಸ್ಟರ್ ಆಗಿ ಐವತ್ತನೇ ದಿನಕ್ಕೆ ಮುಗಿಯುವ ‘ಫೆಸ್ಟಾ ದೊ ದಿವಿನೊ’ ಹಬ್ಬದ ದಿನಗಳಲ್ಲಿ ಊರು ತುಂಬಿರುತ್ತದೆ. ಅವುಗಳಿಗೆಂದೇ ಹೋಗುವವರು ಕೋಣೆಯನ್ನು ತಿಂಗಳುಗಳ ಮೊದಲೇ ಹಿಡಿಯಬೇಕು.

ಭಾರತೀಯರಿಗೆ ವೀಸಾ ಬೇಕು. ಅದಕ್ಕಿಂತ ಹೆಚ್ಚಾಗಿ ಮರೆತುಹೋಗುವುದು ಹಳದಿ ಜ್ವರದ ಲಸಿಕೆ. ಬ್ರೆಜಿಲ್‌ಗೆ ಹೋಗುವಾಗ ಅದರ ಪ್ರಮಾಣಪತ್ರವನ್ನು ಯಾರೂ ಕೇಳದಿರಬಹುದು, ಆದರೆ ಬ್ರೆಜಿಲ್‌ನಿಂದ ಮರಳುವವರನ್ನು ಭಾರತದ ವಿಮಾನ ನಿಲ್ದಾಣದಲ್ಲಿ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿಕೊಂಡು ಹತ್ತು ದಿನ ಕಳೆದ ಮೇಲಷ್ಟೇ ಪತ್ರಕ್ಕೆ ಮಾನ್ಯತೆ. ಅಧಿಕೃತ ಕೇಂದ್ರಗಳಲ್ಲಿ ಮಾತ್ರ ಕೊಡುವುದರಿಂದ ಹೊರಡುವ ತಿಂಗಳು ಮೊದಲೇ ಮುಗಿಸಿಕೊಳ್ಳಿ.

ತಲುಪುವುದು

ರಿಯೊದ ‘ನೋವೊ ರಿಯೊ’ ನಿಲ್ದಾಣದಿಂದ ಬಸ್ಸಿಗೆ ನಾಲ್ಕೂವರೆಯಿಂದ ಐದು ಗಂಟೆ, ಸಾವೊ ಪಾಲೊದಿಂದ ಸುಮಾರು ಆರು. ಆನ್‌ಲೈನ್‌ನಲ್ಲಿ ಟಿಕೆಟ್ ತೆಗೆಯುವಾಗ ‘ಸಿಪಿಎಫ್’ ಎಂಬ ಸ್ಥಳೀಯ ಗುರುತಿನ ಸಂಖ್ಯೆ ಕೇಳಿ ನಿಂತುಬಿಡುವುದು ಸಾಮಾನ್ಯ. ಪಾಸ್‌ಪೋರ್ಟ್ ಒಪ್ಪುವ ಜಾಲತಾಣ ಹುಡುಕಿ, ಇಲ್ಲವೇ ಪಾಸ್‌ಪೋರ್ಟ್ ಹಿಡಿದು ಕೌಂಟರಿಗೇ ಹೋಗಿ. ರಿಯೊದಿಂದ ಬರುವಾಗ ಎಡಬದಿಯ ಕಿಟಕಿ ಕೇಳಿ, ಸಮುದ್ರ ಆ ಕಡೆಗಿದೆ.

ಹಳೇ ಊರಿನೊಳಗೆ ವಾಹನ ಬಿಡುವುದಿಲ್ಲ, ಬೀದಿಯ ಬಾಯಿಗೆ ಸರಪಳಿ ಕಟ್ಟಿದೆ. ಚಕ್ರದ ಸೂಟ್‌ಕೇಸ್ ಅಲ್ಲಿ ಉರುಳುವುದೂ ಇಲ್ಲ. ಬೆನ್ನಿಗೆ ಹಾಕುವ ಚೀಲವೇ ಸರಿ. ಭಾರದ ಸಾಮಾನಿದ್ದರೆ ಸರಪಳಿಯಿಂದ ಹೊರಗಿನ ವಸತಿ ನೋಡಿಕೊಳ್ಳಿ.

ಬೀದಿ ಓದುವ ಕ್ರಮ

ನಿಧಾನವಾಗಿ ನೋಡಬೇಕಾದದ್ದು ಇದನ್ನೇ. ಬೀದಿಗೆ ಹಾಸಿರುವುದು ಅಳತೆಗೆ ಕಡಿದ ಚಪ್ಪಡಿಯಲ್ಲ, ಮೈ ಉಬ್ಬಿದ ದೊಡ್ಡ ಕಾಡುಗಲ್ಲು. ಎರಡು ಅಂಚು ಎತ್ತರ, ನಡು ತಗ್ಗು, ಅಡಿಕೆ ತೋಟದ ಬಸಿಗಾಲುವೆಯ ಹಾಗೆ. ಬಂದರಿನ ಬಳಿಯ ತಡೆಗೋಡೆಯಲ್ಲಿ ಬಿಟ್ಟ ಕಂಡಿಗಳಿಂದ ದೊಡ್ಡ ಉಬ್ಬರದ ನೀರು ಒಳಬಂದು ನಡುವಿನ ತಗ್ಗಿನಲ್ಲಿ ನಿಂತು, ಇಳಿತದೊಂದಿಗೆ ಹಿಂದಕ್ಕೆ ಹೋಗುತ್ತದೆ. ಕಸ ಕೊಚ್ಚಿಕೊಂಡು ಹೋಗಲು ಊರಿಗೆ ಇದೇ ನೆರವಾಗುತ್ತಿತ್ತು. ಮನೆಗಳ ಹೊಸ್ತಿಲು ಬೀದಿಗಿಂತ ಮೇಲಿರುವುದೂ ಅದಕ್ಕೇ.

ಉಬ್ಬರಕ್ಕೆ ಅರ್ಧ ಗಂಟೆ ಮೊದಲು ಸಾಂತಾ ರೀಟಾ ಚರ್ಚಿನ ಪಕ್ಕದ ಓಣಿಗಳಿಗೆ ಬನ್ನಿ. ಮೊದಲು ಕಲ್ಲಿನ ಸಂದಿಗಳು ಒದ್ದೆಯಾಗುತ್ತವೆ, ಆಮೇಲೆ ಬಿಳಿ ಗೋಡೆ, ಬಣ್ಣದ ಬಾಗಿಲು ಎಲ್ಲವೂ ನೀರಲ್ಲಿ ಮೂಡುತ್ತವೆ. ನೀರು ಇಳಿದ ಕೂಡಲೇ ಓಡಾಡಬೇಡಿ, ಕಲ್ಲಿನ ಪಾಚಿ ಜಾರುತ್ತದೆ. ಹವಾಯಿ ಚಪ್ಪಲಿ, ಹಿಮ್ಮಡಿ ಎತ್ತರದ ಪಾದರಕ್ಷೆಯಲ್ಲಿ ಪಾದ ಉಳುಕುವುದು ಖಂಡಿತ. ಚಪ್ಪಟೆ ರಬ್ಬರ್ ಅಟ್ಟೆಯ, ಪಟ್ಟಿ ಬಿಗಿಯುವ ಸ್ಯಾಂಡಲ್ ಒಳ್ಳೆಯದು.

ಚರ್ಚುಗಳನ್ನು ಕಾಲಕ್ರಮದಲ್ಲಿ ನೋಡಿ. ಆಗ ಆ ಸಮಾಜದ ಏರ್ಪಾಡು ಕಣ್ಣಿಗೆ ಕಟ್ಟುತ್ತದೆ. ಸಾಂತಾ ರೀಟಾ (1722) ದಾಸ್ಯದಿಂದ ಬಿಡುಗಡೆ ಪಡೆದ ಮಿಶ್ರವರ್ಣೀಯರದ್ದು, ರೊಸಾರಿಯೊ (1725) ಗುಲಾಮರದ್ದು, ಕಡಲಂಚಿನ ದೋರೆಸ್ (1800) ಸಿರಿವಂತ ಬಿಳಿಯರದ್ದು. 1787ರಲ್ಲಿ ಕೆಲಸ ಹಿಡಿದ ದೊಡ್ಡ ಮಾತ್ರಿಜ್ ಚರ್ಚು ಮುಗಿದದ್ದು 1873ರಲ್ಲಿ. ಅಷ್ಟು ಕಾಲ ಯಾಕೆ ಹಿಡಿಯಿತು ಎಂದರೆ ಊರಿನ ಚರಿತ್ರೆಗೇ ಬರಬೇಕು.

1667ರಲ್ಲಿ ಪರಾಚಿ ಪ್ರತ್ಯೇಕ ಊರಾಯಿತು. ಆ ಶತಮಾನದ ಕೊನೆಗೆ ಒಳನಾಡಿನ ಮಿನಾಸ್ ಜೆರೈಸ್ ಸೀಮೆಯಲ್ಲಿ ಚಿನ್ನ ಸಿಕ್ಕಿತು. ಮೂಲನಿವಾಸಿಗಳ ಕಾಲುದಾರಿಯೇ ಚಿನ್ನದ ಹಾದಿಯಾಗಿ, ಹೇಸರಗತ್ತೆಗಳ ಮೇಲೆ ಬಂದ ಚಿನ್ನ ಇಲ್ಲಿಂದ ಹಡಗು ಹತ್ತಿತು. ಕಡಲ್ಗಳ್ಳರ ಕಾಟಕ್ಕೆ ಹೆದರಿದ ಪೋರ್ಚುಗೀಸ್ ಆಡಳಿತ 18ನೇ ಶತಮಾನದ ಆರಂಭದಲ್ಲಿ ರಿಯೊಗೆ ನೇರ ಒಳದಾರಿ ತೆರೆದಾಗ ಪರಾಚಿ ಸೊರಗಿತು. ಮುಂದೆ ಪರಾಯಿಬಾ ಕಣಿವೆಯ ಕಾಫಿ ಇದೇ ಬಂದರಿಗಿಳಿದು ಊರನ್ನು ಎತ್ತಿತು. 1877ರಲ್ಲಿ ಆ ಕಣಿವೆಗೆ ರೈಲು ಬಂತು, 1888ರಲ್ಲಿ ಗುಲಾಮಗಿರಿ ರದ್ದಾಯಿತು. ಊರು ಖಾಲಿಯಾಯಿತು. ಹಳೆಯದನ್ನು ಕೆಡವಿ ಹೊಸದು ಕಟ್ಟಲು ಯಾರ ಕೈಯಲ್ಲೂ ಹಣವಿರಲಿಲ್ಲ. 1970ರ ದಶಕದಲ್ಲಿ ರಿಯೊ–ಸಾಂತೊಸ್ ಹೆದ್ದಾರಿ ಬಂದು ಪ್ರವಾಸಿಗರು ಕಾಲಿಟ್ಟಾಗ ಇಡೀ ಊರು ಹಾಗೇ ಉಳಿದಿತ್ತು. 2019ರಲ್ಲಿ ಯುನೆಸ್ಕೊ ಪರಾಚಿಯನ್ನೂ ಇಲ್ಯಾ ಗ್ರಾಂಜಿ ದ್ವೀಪವನ್ನೂ ಸೇರಿಸಿ ಸಂಸ್ಕೃತಿ ಮತ್ತು ನಿಸರ್ಗ ಎರಡೂ ಕಾರಣಕ್ಕೆ ವಿಶ್ವ ಪರಂಪರೆಯ ತಾಣವೆಂದಿತು.

ಗುಲಾಮರ ಕೈಯಲ್ಲಿ ಕಲ್ಲು ಹಾಸಿಸಿದ ಆ ಚಿನ್ನದ ಹಾದಿಯ ತುಂಡೊಂದು ಪೆನ್ಯಾ ಹಳ್ಳಿಯ ಬಳಿ ಉಳಿದಿದೆ. ಪೆನ್ಯಾವರೆಗೆ ಊರಿನ ಬಸ್ಸಿದೆ, ಅಲ್ಲಿಂದ ಗೈಡ್ ಜೊತೆ ನಡೆಯಿರಿ. ಅಲ್ಲೇ ಇರುವ ‘ತೊಬೊಆಗುವಾ’ ಜಾರುಬಂಡೆಯ ಮೇಲೆ ಸ್ಥಳೀಯ ಹುಡುಗರು ನಿಂತುಕೊಂಡೇ ಜಾರುತ್ತಾರೆ. ನೀವು ಕೂತು ಜಾರಿದರೆ ಸಾಕು. ನಿಂತು ಜಾರಲು ಹೋಗಿ ತಲೆ ಒಡೆದುಕೊಳ್ಳುವವರು ಹೊರಗಿನವರೇ.

ನೀರಿನ ದಿನ

ಬಂದರಿನಿಂದ ಎಸ್ಕೂನಾ ದೋಣಿಗಳು ಬೆಳಿಗ್ಗೆ ಹತ್ತು–ಹನ್ನೊಂದರ ಹೊತ್ತಿಗೆ ಹೊರಟು ಸುಮಾರು ಐದು ಗಂಟೆ ಸುತ್ತಿಸುತ್ತವೆ. ನಾಲ್ಕು ಕಡೆ ಈಜಲು ನಿಲ್ಲಿಸುತ್ತಾರೆ. ಊಟಕ್ಕೆ ಬೇರೆ ದುಡ್ಡು. ನಾಲ್ಕೈದು ಜನರಿದ್ದರೆ ಸಣ್ಣ ದೋಣಿಯನ್ನೇ ಗೊತ್ತುಮಾಡಿ, ಗದ್ದಲದ ಸಂಗೀತದಿಂದ ಪಾರಾಗಬಹುದು.

ತ್ರಿಂದಾಜಿ ಹಳ್ಳಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಅಲ್ಲಿ ಹೆಸರು ಒಂದೇ, ಜಾಗ ಎರಡು: ಕಶದಾಸೊ ಕಡಲತೀರ ಮತ್ತು ಕಶದಾಸೊ ಕೊಳ. ತೀರದಲ್ಲಿ ಅಲೆ, ಸೆಳೆತ ಎರಡೂ ಜೋರು, ನೀರಿಗಿಳಿಯಬೇಡಿ. ಅದನ್ನು ದಾಟಿ ಕಾಡುದಾರಿಯಲ್ಲಿ ಹೋದರೆ ಬಂಡೆಗಳ ಆವರಣದೊಳಗೆ ಕೊಳವಿದೆ. ಇಳಿತದ ಹೊತ್ತಿಗೆ ಅಲ್ಲಿ ನೀರು ಶಾಂತ, ಮಕ್ಕಳಿಗೂ ಸರಿ.

ಊಟಕ್ಕೆ ಸಸ್ಯಾಹಾರಿಗಳು ‘ಸೆಂ ಕಾರ್ನಿ’ (ಮಾಂಸ ಬೇಡ) ಎಂದಷ್ಟೇ ಹೇಳಿದರೆ ಕೋಳಿಯೋ ಮೀನೋ ಬರಬಹುದು, ಮಾಂಸ, ಕೋಳಿ, ಮೀನು ಮೂರನ್ನೂ ಹೆಸರಿಸಿ ಬೇಡವೆನ್ನಿ. ಬೇಯಿಸಿದ ಹುರುಳಿಯಂಥ ಕಾಳಿನಲ್ಲೂ ಹಂದಿಮಾಂಸ ಹಾಕುವ ರೂಢಿ ಇದೆ, ಕೇಳಿಯೇ ತಿನ್ನಿ. ಮೀನು ತಿನ್ನುವವರು ‘ಕಮರಾವೊ ಕಸಾದಿನ್ಯೊ’ ಬಿಡಬಾರದು. ಎರಡು ದೊಡ್ಡ ಸಿಗಡಿಗಳ ನಡುವೆ ಮರಗೆಣಸಿನ ಹುಡಿಯ ಹೂರಣ ತುಂಬಿ, ಜೋಡಿಸಿ ಕರಿದ ಈ ಊರಿನದೇ ತಿಂಡಿ. ಕಾಡಂಚಿನಲ್ಲಿ ‘ಬೊಹಶುದು’ ಎಂಬ ಕಪ್ಪು ನೊಣ ಕಡಿದರೆ ದಿನಗಟ್ಟಲೆ ತುರಿಸುತ್ತದೆ, ಕಣಕಾಲಿಗೆ ನೊಣ ದೂರವಿಡುವ ಮುಲಾಮು ಹಚ್ಚುವುದನ್ನು ತಪ್ಪಿಸಬೇಡಿ.

ವಾಪಸು ವಿಮಾನ ರಿಯೊದಿಂದಾದರೆ ಹಿಂದಿನ ದಿನವೇ ರಿಯೊ ಸೇರಿಕೊಳ್ಳಿ. ಹೆದ್ದಾರಿಗೆ ಗುಡ್ಡ ಬಿದ್ದರೆ ಕೂನ್ಯಾ ಘಟ್ಟದ ಮೇಲಿಂದ ಬಳಸಿಕೊಂಡು ಬರಬೇಕಾಗುತ್ತದೆ, ಅದಕ್ಕೆ ಅರ್ಧ ದಿನ ಹೆಚ್ಚೇ ಹಿಡಿಯುತ್ತದೆ.