ಕೊನೇ ಬಸ್ಸಿನ ಲೆಕ್ಕ: ಕೊಡಗಿನಲ್ಲಿ ಸ್ವಂತ ಗಾಡಿ ಇಲ್ಲದ ನನ್ನ ಓಡಾಟ

ಕೊಡಗಿಗೆ ರೈಲಿಲ್ಲ. ರೈಲು ಹಿಡಿಯಬೇಕಾದರೆ ಮೈಸೂರಿಗೆ ಹೋಗಬೇಕು, ಇಲ್ಲ ಘಟ್ಟ ಇಳಿದು ಮಂಗಳೂರಿಗೋ ಕಣ್ಣೂರಿಗೋ ಹೋಗಬೇಕು. ಮನೆಗಳೂ ಒಂದೇ ಕಡೆ ಸೇರಿಕೊಂಡಿಲ್ಲ, ತೋಟದೊಳಗೆ ಅಲ್ಲೊಂದು ಇಲ್ಲೊಂದು. ಹಾಗಾಗಿ ಜೀಪಿಲ್ಲ, ಕಾರಿಲ್ಲ, ಸ್ಕೂಟರೂ ಇಲ್ಲ ಅಂದರೆ ಜನ ಪಾಪ ಅನ್ನುವ ಹಾಗೆ ನೋಡುತ್ತಾರೆ. ನನ್ನ ಮನೆ ಚೆಟ್ಟಳ್ಳಿ ಕಡೆ, ಕೆಲಸ ಮಡಿಕೇರಿಯಲ್ಲಿ. ವರ್ಷಗಳಿಂದ ಬಸ್ಸಲ್ಲೇ ಹೋಗಿ ಬರುತ್ತಿದ್ದೇನೆ.

ಇಲ್ಲಿ ಹೋಗುವ ಬಸ್ಸಿನ ಚಿಂತೆ ಬೇಡ, ಬರುವ ಬಸ್ಸಿನದು ಬೇಕು. ಬೆಳಿಗ್ಗೆ ಶಾಲೆ, ಕಾಲೇಜು, ಆಫೀಸಿನವರಿಗೆಂದು ಬಸ್ಸು ಹೇಗೂ ಇರುತ್ತದೆ. ಸಂಜೆ ಒಂದು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕು, ಕೊನೆಯದು ತಪ್ಪಿದರೆ ಯಾರದ್ದಾದರೂ ಮನೆಯಲ್ಲಿ ಉಳಿಯಬೇಕು. ಆದ್ದರಿಂದ ನನ್ನ ದಿನದ ಲೆಕ್ಕವೆಲ್ಲ ಸಂಜೆಯಿಂದ ಹಿಂದಕ್ಕೆ. ಕೊನೆಯದಕ್ಕಿಂತ ಒಂದು ಮುಂಚಿನ ಬಸ್ಸನ್ನೇ ನಾನು ಕೊನೆಯದು ಅಂತ ಇಟ್ಟುಕೊಂಡಿದ್ದೇನೆ. ಶುಕ್ರವಾರ ಮಡಿಕೇರಿ ಸಂತೆ; ಅವತ್ತು ತರಕಾರಿ ಚೀಲ ಹಿಡಿದವರೇ ಬಾಗಿಲ ತನಕ ತುಂಬಿರುತ್ತಾರೆ, ಇನ್ನೂ ಬೇಗ ಹೊರಡಬೇಕು.

ನಿಲ್ದಾಣದಲ್ಲಿ ಬರೆದ ಸಮಯಕ್ಕಿಂತ ಕಂಡಕ್ಟರ್ ಬಾಯಿಮಾತು ದೊಡ್ಡದು. "ಅಕ್ಕ, ನಾಳೆ ಈ ಗಾಡಿ ಮದುವೆಗೆ ಉಂಟು, ಬೇರೆ ಬಸ್ಸಿಗೆ ಬನ್ನಿ" ಅಂತ ಹಿಂದಿನ ದಿನವೇ ಹೇಳಿಬಿಡುತ್ತಾರೆ. ಮದುವೆ ಸೀಸನ್ನಿನಲ್ಲಿ ಖಾಸಗಿ ಬಸ್ಸು ರೂಟಿನಿಂದ ಮಾಯವಾಗುವುದು ಇಲ್ಲಿ ಹೊಸತೇನಲ್ಲ. ಯಾವ ಫಲಕದಲ್ಲೂ ಅದನ್ನು ಹಾಕುವುದಿಲ್ಲ. ಅದಕ್ಕೇ ಇಬ್ಬರು ಮೂವರು ಕಂಡಕ್ಟರುಗಳ ನಂಬರ್ ನನ್ನ ಫೋನಿನಲ್ಲಿದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಶೂನ್ಯ ಟಿಕೆಟ್. ಆದರೆ ನಮ್ಮ ರೂಟಿನಲ್ಲಿ ಖಾಸಗಿ ಬಸ್ಸನ್ನು ಬಿಟ್ಟು ಕೂತರೆ ಕೆಲಸ ಕೆಡುತ್ತದೆ. ಮೊದಲು ಬಂದದ್ದಕ್ಕೆ ಹತ್ತುವುದು ನನ್ನ ಪದ್ಧತಿ. ಟಿಕೆಟ್ ದುಡ್ಡು ಉಳಿಸಲು ಹೋಗಿ ಅರ್ಧ ದಿನದ ರಜೆ ಹಾಕುವುದು ಯಾವ ಲಾಭ?

ನಿಜವಾದ ಕಷ್ಟ ಬಸ್ಸಿನದ್ದಲ್ಲ, ಮನೆಯಿಂದ ರಸ್ತೆಗೆ ಬರುವ ತೋಟದ ದಾರಿಯದ್ದು. ಮಳೆಗಾಲದಲ್ಲಿ ಗಂಬೂಟು ಹಾಕಿ ಬರುತ್ತೇನೆ, ಸ್ಟಾಪಿನ ಪಕ್ಕದ ಅಂಗಡಿಯ ಬೆಂಚಿನಡಿ ಅದನ್ನು ಬಿಚ್ಚಿಟ್ಟು ಚಪ್ಪಲಿ ಹಾಕಿಕೊಳ್ಳುತ್ತೇನೆ. ಅಂಗಡಿಯಮ್ಮ ಒಂದು ಡಬ್ಬಿಯಲ್ಲಿ ಉಪ್ಪು ಇಟ್ಟಿದ್ದಾರೆ. ಬೆರಳ ಸಂದಿಗೆ ಜಿಗಣೆ ಕಚ್ಚಿಕೊಂಡಿದ್ದರೆ ಒಂದು ಚಿಟಿಕೆ ಹಾಕಿದರೆ ಸಾಕು, ಉದುರುತ್ತದೆ. ಸಂಜೆ ಬಂದು ಗಂಬೂಟಿಗೆ ಕಾಲು ಹಾಕುವ ಮೊದಲು ಬೋರಲು ಮಾಡಿ ಕೊಡವುವುದನ್ನು ಮರೆಯಬಾರದು, ಒಳಗೆ ಏನಿರುತ್ತದೋ.

ಇನ್ನು ಆನೆ. ಬೆಳಿಗ್ಗೆ ಹೊರಡುವ ಮೊದಲು ವಾಟ್ಸಾಪ್ ಗುಂಪು ನೋಡುತ್ತೇನೆ. ಯಾವ ತೋಟದಲ್ಲಿ ಎಷ್ಟು ಆನೆ ನಿಂತಿವೆ ಅಂತ ಕೆಲಸದವರು ಹಾಕಿರುತ್ತಾರೆ. ಹಲಸಿನ ಕಾಲದಲ್ಲಿ ದಾರಿ ಮೇಲೆ ತುಳಿದ ಹಣ್ಣಿನ ಸಿಪ್ಪೆ, ಹಸಿ ಲದ್ದಿ ಕಂಡರೆ ಅಲ್ಲಿಂದಲೇ ವಾಪಸ್. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಈ ದಾರಿಯಲ್ಲಿ ನಡೆಯುವ ಹುಡುಗರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ರಸ್ತೆಯೇ ಕಡಿದುಹೋಗಿತ್ತು. ಅಂಥ ಹೊತ್ತಲ್ಲಿ ಗಾಡಿ ಇದ್ದವರೂ ನಮ್ಮ ಹಾಗೇ ಮನೆಯಲ್ಲಿ. ರಾತ್ರಿ ಆಸ್ಪತ್ರೆಗೆ ಹೋಗಬೇಕಾದಾಗ ಮಾತ್ರ ಸ್ವಂತ ಗಾಡಿ ಇಲ್ಲದ್ದು ಚುಚ್ಚುತ್ತದೆ. 108ಕ್ಕೆ ಫೋನ್ ಮಾಡಿ, ಜೊತೆಗೇ ಪಕ್ಕದ ತೋಟದ ಜೀಪಿನವರನ್ನೂ ಎಬ್ಬಿಸುವುದು ನಮ್ಮ ಮನೆಯ ಕ್ರಮ.

ತಂಗಿ ಇರುವುದು ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ. ಮೊದಲೆಲ್ಲ ಮಡಿಕೇರಿಯಿಂದ ಬೆಂಗಳೂರು ಮುಟ್ಟುವುದು ಒಂದು ಪ್ರಯಾಣ, ಅಲ್ಲಿಂದ ಅವಳ ಮನೆಗೆ ಹೋಗುವುದು ಇನ್ನೊಂದು. 2023ರ ಅಕ್ಟೋಬರಿನಲ್ಲಿ ಮೆಟ್ರೋದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ ಪೂರ್ತಿಯಾದ ಮೇಲೆ ನಾನು ಕೆಂಗೇರಿಯಲ್ಲೇ ಬಸ್ಸಿಳಿದು ಮೆಟ್ರೋ ಹತ್ತುತ್ತೇನೆ, ಎಲ್ಲೂ ರೈಲು ಬದಲಿಸುವ ಗೋಜಿಲ್ಲ. ಅಲ್ಲಿ ಒಂದು ರೈಲು ತಪ್ಪಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ, ಹಿಂದೆಯೇ ಇನ್ನೊಂದು ಬರುತ್ತದೆ. ನನಗೆ ಮಾತ್ರ ಓಡುವ ಚಾಳಿ ಬಿಟ್ಟಿಲ್ಲ, ತಂಗಿ ನಗುತ್ತಾಳೆ.

ವಾಪಸ್ ಬರುವಾಗ ಮಡಿಕೇರಿ ತನಕ ಹೋಗುವುದಿಲ್ಲ. ಸುಂಟಿಕೊಪ್ಪದಲ್ಲಿ ಇಳಿದರೆ ಚೆಟ್ಟಳ್ಳಿ ಹತ್ತಿರ. ಅಲ್ಲಿಯ ಆಟೋದವರಿಗೆ ಬಸ್ಸು ಮೈಸೂರು ಬಿಟ್ಟ ಕೂಡಲೇ ಫೋನ್ ಮಾಡಿ ಹೇಳಿಡುತ್ತೇನೆ. ಕತ್ತಲಾದ ಮೇಲೆ ಕೇಳಿದರೆ ಆನೆ ಹೆದರಿಕೆಗೆ ಆ ಕಡೆ ಯಾರೂ ಬರುವುದಿಲ್ಲ.